ಮುಚ್ಚಳದ ಒಳಮೈ

ಮಡಿಕೇರಿ ಸುತ್ತಮುತ್ತಲ ಹೋಂಸ್ಟೇಗಳಲ್ಲಿ ಕಾಫಿಪುಡಿ, ಜೇನಿನ ಬಾಟಲಿಗಳ ಪಕ್ಕ ಈಗ ಡೆಕೂಪಾಜ್ ಮಾಡಿದ ಟ್ರೇಗಳು, ಹಳೆಯ ಟ್ರಂಕುಗಳು ಕಾಣುತ್ತವೆ. ಚಿತ್ರ ಕತ್ತರಿಸಿ, ವಸ್ತುವಿನ ಮೈಗೆ ಅಂಟಿಸಿ, ಅಂಚು ಬೆರಳಿಗೆ ತಾಕದಷ್ಟು ಸಲ ವಾರ್ನಿಶ್ ಬಳಿಯುವ ಕಲೆ ಇದು. 18ನೇ ಶತಮಾನದ ವೆನಿಸ್ಸಿನಲ್ಲಿ ಪೂರ್ವದೇಶಗಳ ದುಬಾರಿ ಅರಗಿನ ಸಾಮಾನಿನ ಹೊಳಪನ್ನು ಹೀಗೆ ಅಗ್ಗದಲ್ಲಿ ತರುತ್ತಿದ್ದರು. 'ಬಡವರ ಅರಗು' ಎಂದೇ ಅದಕ್ಕೆ ಹೆಸರು.

ನಾನು ಕಂಡ ಟ್ರಂಕುಗಳಲ್ಲಿ ಕೈಕೆಲಸ ಅಚ್ಚುಕಟ್ಟಾಗಿದೆ. ನನ್ನ ತಕರಾರು ಕತ್ತರಿಯದು. ಬಹುಪಾಲು ಚಿತ್ರಗಳು ಇದಕ್ಕೆಂದೇ ಮಾರುವ ತೆಳು ನ್ಯಾಪ್‌ಕಿನ್‌ಗಳಿಂದ ಬಂದ ಗುಲಾಬಿ, ಲ್ಯಾವೆಂಡರ್. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನ ಕಾರ್ಖಾನೆಯಲ್ಲೇ ಆಗಿಹೋಗಿದೆ. ಕೊಡಗಿನಲ್ಲಿ ಲ್ಯಾವೆಂಡರ್ ಯಾಕೆ ಎಂದು ಕೇಳುತ್ತಿಲ್ಲ (ಕಾಫಿಯೂ ಹೊರಗಿನಿಂದ ಬಂದದ್ದೇ). ಆರಿಸಿದವರು ಯಾರು ಎನ್ನುವುದಷ್ಟೇ ಪ್ರಶ್ನೆ. ಇಂಗ್ಲೆಂಡಿನ ಮೇರಿ ಡೆಲಾನಿ 72ನೇ ವಯಸ್ಸಿನಲ್ಲಿ ಬಣ್ಣದ ಕಾಗದ ಕತ್ತರಿಸಿ ಹೂ ಮಾಡತೊಡಗಿದಳು. ಬ್ರಿಟಿಷ್ ಮ್ಯೂಸಿಯಂನಲ್ಲಿ ಈಗ ಅಂಥ ಸುಮಾರು ಸಾವಿರ ಹೂಗಳಿವೆ. ಅವುಗಳ ಒಂದೊಂದು ಚೂರಿನ ಹಿಂದೆಯೂ ಗಿಡವನ್ನು ದಿಟ್ಟಿಸಿದ ಕಣ್ಣಿದೆ.

ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಅಜ್ಜಿಯರ ತಗಡಿನ ಟ್ರಂಕಿನ ಮುಚ್ಚಳ ಎತ್ತಿ ನೋಡಿ. ಒಳಮೈಯಲ್ಲಿ ಕ್ಯಾಲೆಂಡರಿನ ಕೃಷ್ಣ, ವಾರಪತ್ರಿಕೆಯ ಸಿನಿಮಾ ನಟಿ, ಬೆಂಕಿಪೊಟ್ಟಣದ ಹುಲಿ, ಯಾವುದೋ ಸೋಪಿನ ಜಾಹೀರಾತಿನ ಮಗು. ಅಂಚುಗಳು ಒರಟು, ಮೈದಾ ಅಂಟು ಹಳದಿಗಟ್ಟಿದೆ, ಮಳೆಗಾಲದ ಬೂಷ್ಟು ಕೃಷ್ಣನ ಕೊಳಲಿನ ಅರ್ಧ ತಿಂದಿದೆ. ಐನ್‌ಮನೆಯ ಗೋಡೆ ಒಕ್ಕದ್ದು. ಅಲ್ಲಿ ಏನು ತೂಗಬೇಕೆಂದು ಹಿರಿಯರು ನಿರ್ಧರಿಸಿಯಾಗಿರುತ್ತದೆ. ಬೇರೆ ಒಕ್ಕದಿಂದ ಮದುವೆಯಾಗಿ ಬಂದವಳಿಗೆ ಆ ಗೋಡೆಗೊಂದು ಮೊಳೆ ಹೊಡೆಯುವ ಸಲಿಗೆ ಎಷ್ಟಿದ್ದೀತು? ಮುಚ್ಚಳದ ಒಳಮೈಯೇ ಅವಳ ಗೋಡೆ, ಸೀರೆ ತೆಗೆಯುವಾಗ ಮಾತ್ರ ಕಾಣುವ ಗೋಡೆ. ಹಳೆಯ ನಿಯತಕಾಲಿಕಗಳ ಓದುಗರನ್ನು ಹುಡುಕಿಕೊಂಡು ಅಲೆಯುವ ಸಂಶೋಧನೆ ನನ್ನದು. ಸಂಪಾದಕರು ಏನು ಅಚ್ಚುಹಾಕಿದರೆಂದು ಗ್ರಂಥಾಲಯ ಹೇಳುತ್ತದೆ. ಓದಿದ ಹೆಂಗಸು ಯಾವುದನ್ನು ತನ್ನದಾಗಿ ಇಟ್ಟುಕೊಂಡಳು ಎಂದು ಹೇಳುವುದು ಈ ಮುಚ್ಚಳ.

ಈಗಿನ ಟ್ರಂಕುಗಳಲ್ಲಿ ಹೂವೆಲ್ಲ ಹೊರಗೆ, ಅತಿಥಿಯ ಕಡೆಗೆ ಮುಖಮಾಡಿವೆ. ಒಳಗೆ ಬರಿಯ ಬಿಳಿ ಪೇಂಟು. ಆ ಪೇಂಟು ಹಿಡಿಯಬೇಕೆಂದರೆ ಮೊದಲು ತುಕ್ಕು, ಹಳೆಯ ಕಾಗದ ಎಲ್ಲವನ್ನೂ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ತೆಗೆಯಬೇಕು. ಒಂದು ಡೆಕೂಪಾಜಿಗೆ ಜಾಗ ಮಾಡಲು ಇನ್ನೊಂದು ಡೆಕೂಪಾಜ್ ಪುಡಿಯಾಗಿ ಉದುರುತ್ತದೆ. ಉಜ್ಜಲು ಕೂರುವವರು ಮುಚ್ಚಳ ಎತ್ತಿ ಒಂದು ಫೋಟೊ ತೆಗೆದಿಟ್ಟರೂ ನನ್ನಂಥವರಿಗೆ ಉಪಕಾರ.