ಟಾರ್ಚಿನ ಸೆಲ್: ಅಂಕಿಯ ಆಮಿಷ, ತೂಕದ ಸಾಕ್ಷಿ

ಟಾರ್ಚ್ ಕೊಳ್ಳುವವರ ಗಮನವೆಲ್ಲ ಸಾಮಾನ್ಯವಾಗಿ ಲ್ಯೂಮೆನ್ ಎಂಬ ಅಂಕಿಯ ಮೇಲೆ, ಅಂದರೆ ದೀಪದಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆಯ ಮೇಲೆ ನೆಟ್ಟಿರುತ್ತದೆ. ಆ ಬೆಳಕಿಗೆ ವಿದ್ಯುತ್ತು ಒದಗಿಸುವ ಸೆಲ್ ಯಾವುದು, ಅದರ ಗುಣವೇನು, ಅದು ಎಷ್ಟು ಕಾಲ ಬಾಳೀತು ಎಂಬ ಪ್ರಶ್ನೆಗಳು ಹುಟ್ಟುವುದು ಕೆಲವು ತಿಂಗಳಾದ ಮೇಲೆ, ಬೆಳಕು ಕುಂದತೊಡಗಿದಾಗ. ಬಲ್ಬಿನ ಟಾರ್ಚುಗಳ ಕಾಲದಲ್ಲಿ ಈ ಉದಾಸೀನದಿಂದ ನಷ್ಟವೇನೂ ಆಗುತ್ತಿರಲಿಲ್ಲ, ಏಕೆಂದರೆ ದಪ್ಪ ಸೆಲ್ ಮುಗಿದರೆ ಅದನ್ನೆಸೆದು ಹೊಸದನ್ನು ತುಂಬುವುದಷ್ಟೇ ಆಗಿನ ಆರೈಕೆಯಾಗಿತ್ತು. ಎಲ್‌ಇಡಿ ಬಂದ ಮೇಲೆ ಅಂಗೈಯೊಳಗೆ ಅಡಗುವ ಟಾರ್ಚೂ ಸಾವಿರ ಲ್ಯೂಮೆನ್ ಮೀರಿ ಬೆಳಗಬಲ್ಲದು. ಆದರೆ ಆ ಬೆಳಕಿಗಾಗಿ ಅದು ಒಂದೇ ಒಂದು ಸೆಲ್ಲಿನಿಂದ ಹಲವು ಆಂಪಿಯರ್ ವಿದ್ಯುತ್ತನ್ನು ಎಳೆಯುತ್ತದೆ. ತ್ರೀ-ಫೇಸ್ ಕರೆಂಟು ಬರುವ ಹೊತ್ತಿಗೆ ನಡುರಾತ್ರಿ ಪಂಪ್‌ಸೆಟ್ಟಿನತ್ತ ನಡೆಯುವ ಬಯಲುಸೀಮೆಯ ರೈತನಿಗಾಗಲಿ, ಮಳೆಗಾಲದಲ್ಲಿ ಹಾವಿನ ಭಯವಿಟ್ಟುಕೊಂಡೇ ತೋಟದ ದಾರಿ ತುಳಿಯುವ ಮಲೆನಾಡಿಗನಿಗಾಗಲಿ, ಟಾರ್ಚುಗಳನ್ನು ಹವ್ಯಾಸವಾಗಿ ಸಂಗ್ರಹಿಸುವವನಿಗಾಗಲಿ ಇಂದು ಟಾರ್ಚಿನ ಯೋಗ್ಯತೆಯ ಅರ್ಧಭಾಗ ಸೆಲ್ಲಿನಲ್ಲೇ ಇದೆ.

ರೀಚಾರ್ಜ್ ಮಾಡಬಹುದಾದ ಸೆಲ್‌ಗಳಲ್ಲಿ ಕೀಳು ಸ್ಥಾನ ಸೀಸ-ಆಮ್ಲ ಬ್ಯಾಟರಿಯದು. ಗೋಡೆಯ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವ ಅಗ್ಗದ ಪ್ಲಾಸ್ಟಿಕ್ ಟಾರ್ಚುಗಳಲ್ಲಿ ಬಹುಕಾಲ ಇದ್ದದ್ದು ಇದೇ; ಖಾಲಿಯಾಗಿ ಮೂಲೆಯಲ್ಲಿ ಬಿದ್ದರೆ ಇದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ, ಮತ್ತೆ ಚಾರ್ಜನ್ನೇ ಹಿಡಿಯದಂತಾಗುತ್ತದೆ. ಎರಡನೆಯದು ನಿಕಲ್-ಮೆಟಲ್ ಹೈಡ್ರೈಡ್, ಅಂದರೆ ಗೋಡೆ ಗಡಿಯಾರಕ್ಕೆ ಹಾಕುವ ಎಎ ಅಳತೆಯಲ್ಲೇ ದೊರೆಯುವ 1.2 ವೋಲ್ಟಿನ ಸೆಲ್. ಬಳಸದೆ ಇಟ್ಟರೂ ಕೆಲವೇ ತಿಂಗಳಲ್ಲಿ ತಾನಾಗಿ ಖಾಲಿಯಾಗುವುದು ಇದರ ಹಳೆಯ ದೋಷವಾಗಿತ್ತು. 2005ರಲ್ಲಿ ಜಪಾನಿನ ಸ್ಯಾನ್ಯೊ ಸಂಸ್ಥೆ ಎನೆಲೂಪ್ ಹೆಸರಿನಲ್ಲಿ ಹೊರತಂದ ಸುಧಾರಿತ ಮಾದರಿಯು ವರ್ಷ ಕಳೆದರೂ ಚಾರ್ಜಿನ ಬಹುಪಾಲನ್ನು ಉಳಿಸಿಕೊಂಡು ಆ ದೋಷವನ್ನು ನೀಗಿತು. ಬೆಂಕಿಯ ಅಪಾಯ ಅತಿ ಕಡಿಮೆ ಇರುವುದರಿಂದ ಮಕ್ಕಳಿರುವ ಮನೆಗೆ, ಮತ್ತು ಆರು ತಿಂಗಳಿಗೊಮ್ಮೆ ಮಾತ್ರ ಕೈಗೆತ್ತಿಕೊಳ್ಳುವ ಟಾರ್ಚಿಗೆ ಇಂದಿಗೂ ಇದಕ್ಕಿಂತ ತಕ್ಕ ಸೆಲ್ ಇಲ್ಲವೆಂಬುದು ಈ ಅಂಕಣದ ಖಚಿತ ಅಭಿಪ್ರಾಯ.

ಮೂರನೆಯದು ಲಿಥಿಯಂ-ಅಯಾನ್. ಸೋನಿ ಸಂಸ್ಥೆ 1991ರಲ್ಲಿ ಮಾರುಕಟ್ಟೆಗೆ ತಂದ ಈ ಸೆಲ್ಲಿನ ಹಿಂದಿನ ಸಂಶೋಧನೆಗಾಗಿ ಜಾನ್ ಗುಡಿನಫ್, ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಮತ್ತು ಅಕಿರಾ ಯೋಶಿನೊ ಅವರಿಗೆ 2019ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು. ಟಾರ್ಚ್‌ಪ್ರಿಯರ ನಡುವೆ ಹೆಚ್ಚು ಬಳಕೆಯಲ್ಲಿರುವ ಇದರ ರೂಪವನ್ನು 18650 ಎಂದು ಕರೆಯುತ್ತಾರೆ: 18 ಮಿಲಿಮೀಟರ್ ವ್ಯಾಸ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಉರುಳೆಯಾಕಾರದ ಸೂಚಕ. ಇದೇ ಲೆಕ್ಕದಲ್ಲಿ 21700 ಎಂಬುದು ಇದಕ್ಕಿಂತ ತುಸು ದಪ್ಪ ಮತ್ತು ಉದ್ದ. 14500 ಎಂಬುದು ಎಎ ಸೆಲ್ಲಿನಷ್ಟೇ ಗಾತ್ರದ್ದು. ಈ ಕೊನೆಯದರ ವಿಷಯದಲ್ಲಿ ಎಚ್ಚರ ಬೇಕು, ಏಕೆಂದರೆ ಗಾತ್ರ ಒಂದೇ ಆದರೂ ವೋಲ್ಟೇಜು ಎರಡೂವರೆ ಪಟ್ಟಿಗಿಂತ ಹೆಚ್ಚು, ಮತ್ತು ಮನೆಯವರು ಯಾರಾದರೂ ಅರಿಯದೆ ಅದನ್ನು ಗಡಿಯಾರಕ್ಕೋ ರಿಮೋಟಿಗೋ ಹಾಕಿದರೆ ಆ ಸಾಧನ ಸುಡುತ್ತದೆ. ಲಿಥಿಯಂ-ಅಯಾನ್ ಸೆಲ್ ತುಂಬಿದಾಗ 4.2 ವೋಲ್ಟ್, ನಡುವೆ ಸುಮಾರು 3.6 ವೋಲ್ಟ್, ಖಾಲಿಯಾಗುವಾಗ 3 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಇನ್ನು ಮುಂದಿನ ಮಾತೆಲ್ಲ ಮುಖ್ಯವಾಗಿ 18650ರ ಕುರಿತದ್ದು.

ಸೆಲ್ಲಿನ ಮೈಮೇಲೆ ಎದ್ದು ಕಾಣುವಂತೆ ಅಚ್ಚಾಗಿರುವ ಅಂಕಿ ಮಿಲಿಆಂಪಿಯರ್-ಅವರ್, ಅಂದರೆ ಸೆಲ್ಲಿನಲ್ಲಿ ಒಟ್ಟು ಎಷ್ಟು ವಿದ್ಯುದಂಶ ಸಂಗ್ರಹವಾಗುತ್ತದೆ ಎಂಬುದರ ಲೆಕ್ಕ. ಕೊಳ್ಳುವವರು ನೋಡುವುದು ಇದೊಂದನ್ನೇ, ಮತ್ತು ಮೋಸ ಹೋಗುವುದೂ ಇದರಿಂದಲೇ. ನಂಬಲರ್ಹ ತಯಾರಕರ 18650 ಸೆಲ್‌ಗಳ ಸಾಮರ್ಥ್ಯ ಬಹುಮಟ್ಟಿಗೆ 2,500ರಿಂದ 3,500ರ ನಡುವೆ ಇರುವಾಗ ಸಂತೆಯಲ್ಲೂ ಆನ್‌ಲೈನ್ ಅಂಗಡಿಗಳಲ್ಲೂ 9,900 ಎಂದು ಬರೆದ ಸೆಲ್‌ಗಳು ಧಾರಾಳವಾಗಿ ಸಿಗುತ್ತವೆ. ಈ ಸುಳ್ಳನ್ನು ಹಿಡಿಯಲು ಪ್ರಯೋಗಾಲಯ ಬೇಕಿಲ್ಲ. 3,500 ಮಿಲಿಆಂಪಿಯರ್-ಅವರ್ ಅನ್ನು 3.6 ವೋಲ್ಟಿನಿಂದ ಗುಣಿಸಿದರೆ 12.6 ವಾಟ್-ಅವರ್ ಶಕ್ತಿಯಾಗುತ್ತದೆ. ಅಂಥ ಸೆಲ್ಲಿನ ತೂಕ 48 ಗ್ರಾಂ ಆಸುಪಾಸು ಇರುವುದರಿಂದ ಕಿಲೋಗ್ರಾಮಿಗೆ ಸುಮಾರು 260 ವಾಟ್-ಅವರ್ ಎಂದಾಯಿತು, ಮತ್ತು ಈ ಅಳತೆಯ ಸೆಲ್‌ಗಳಲ್ಲಿ ಇದು ಶ್ರೇಷ್ಠ ದರ್ಜೆಯ ಸಾಧನೆ. 9,900 ನಿಜವಾಗಬೇಕಾದರೆ ಅಷ್ಟೇ ತೂಕದೊಳಗೆ ಇದರ ಸುಮಾರು ಮೂರು ಪಟ್ಟು ಶಕ್ತಿ ಅಡಗಿರಬೇಕು. ಆದರೆ ಇಂಥ ಸೆಲ್‌ಗಳನ್ನು ತಕ್ಕಡಿಗೆ ಹಾಕಿದರೆ ಅವು ಹಲವು ಬಾರಿ 30 ಗ್ರಾಂ ಸುತ್ತಮುತ್ತಲೇ ನಿಲ್ಲುತ್ತವೆ. ಹೊಳೆಯುವ ಹೊದಿಕೆಯೊಳಗೆ ಚಿಕ್ಕ ಸೆಲ್ ಅಡಗಿಸಿಟ್ಟ ಉದಾಹರಣೆಗಳೂ, ಹಳೆಯ ಲ್ಯಾಪ್‌ಟಾಪ್ ಬ್ಯಾಟರಿಗಳಿಂದ ಕಿತ್ತ ಸೆಲ್ಲಿಗೆ ಹೊಸ ಹೊದಿಕೆ ತೊಡಿಸಿದ ಉದಾಹರಣೆಗಳೂ ಸಾಕಷ್ಟಿವೆ. ಆಭರಣದಂಗಡಿಯ ಸೂಕ್ಷ್ಮ ತಕ್ಕಡಿಯೇ ಬೇಕೆಂದಿಲ್ಲ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು: 40 ಗ್ರಾಮಿಗಿಂತ ಹಗುರವಾದ 18650 ಸೆಲ್ಲನ್ನು ಟಾರ್ಚಿಗೆ ಹಾಕದಿರುವುದೇ ಲೇಸು.

ಅಸಲಿ ಸೆಲ್‌ಗಳ ನಡುವೆಯೂ ದೊಡ್ಡ ಅಂಕಿಯದೇ ಉತ್ತಮವೆಂಬ ನಂಬಿಕೆ ತಪ್ಪು. ಸಾಮರ್ಥ್ಯವೆಂಬುದು ಕೆರೆಯಲ್ಲಿರುವ ನೀರಾದರೆ, ಸೆಲ್ ಒಮ್ಮೆಗೆ ಎಷ್ಟು ವಿದ್ಯುತ್ತು ಬಿಟ್ಟುಕೊಡಬಲ್ಲದು ಎಂಬುದು ತೂಬಿನ ಅಗಲ. ಇವೆರಡನ್ನೂ ಒಂದೇ ಗಾತ್ರದ ಡಬ್ಬಿಯೊಳಗೆ ಏಕಕಾಲಕ್ಕೆ ಹಿಗ್ಗಿಸಲು ತಯಾರಕನಿಗೆ ಸಾಧ್ಯವಿಲ್ಲ. ಹೆಚ್ಚು ಸಾಮರ್ಥ್ಯ ಬೇಕೆಂದರೆ ವಿದ್ಯುದಗ್ರಗಳ ಲೇಪನ ದಪ್ಪವಾಗಬೇಕು, ಲೇಪನ ದಪ್ಪವಾದಷ್ಟೂ ಲಿಥಿಯಂ ಅಯಾನುಗಳ ಓಡಾಟ ನಿಧಾನವಾಗುತ್ತದೆ. ಆದ್ದರಿಂದಲೇ ಸ್ಯಾಮ್‌ಸಂಗ್ ಸಂಸ್ಥೆಯ 35ಇ ಎಂಬ ಮಾದರಿ 3,500 ಮಿಲಿಆಂಪಿಯರ್-ಅವರ್ ಹಿಡಿದರೂ ಸತತವಾಗಿ ಕೊಡಬಲ್ಲದ್ದು 8 ಆಂಪಿಯರ್. ಅದೇ ಸಂಸ್ಥೆಯ 30ಕ್ಯೂ 3,000 ಮಾತ್ರ ಹಿಡಿದು 15 ಆಂಪಿಯರ್ ಕೊಡುತ್ತದೆ. ಈ ವ್ಯತ್ಯಾಸದ ಮೂಲ ಸೆಲ್ಲಿನ ಆಂತರಿಕ ರೋಧ, ಅಂದರೆ ಸೆಲ್ ತನ್ನೊಳಗೆ ಹರಿಯುವ ವಿದ್ಯುತ್ತಿಗೆ ತಾನೇ ಒಡ್ಡುವ ತಡೆ. ಇದನ್ನು ಓಮ್‌ನ ಸಾವಿರದಲ್ಲೊಂದು ಪಾಲಾದ ಮಿಲಿಓಮ್‌ಗಳಲ್ಲಿ ಅಳೆಯುತ್ತಾರೆ. ಟಾರ್ಚ್ 6 ಆಂಪಿಯರ್ ಎಳೆಯುತ್ತಿದೆ ಎಂದಿಟ್ಟುಕೊಂಡರೆ 50 ಮಿಲಿಓಮ್ ರೋಧವಿರುವ ಸೆಲ್ಲಿನಲ್ಲಿ 0.3 ವೋಲ್ಟ್ ಒಳಗೇ ಕುಸಿಯುತ್ತದೆ ಮತ್ತು 1.8 ವಾಟ್ ಶಾಖ ಸೆಲ್ಲಿನೊಳಗೇ ಹುಟ್ಟುತ್ತದೆ. 20 ಮಿಲಿಓಮ್ ಇರುವ ಸೆಲ್ಲಿನಲ್ಲಿ ಕುಸಿತ 0.12 ವೋಲ್ಟ್, ಶಾಖ ಮುಕ್ಕಾಲು ವಾಟಿಗಿಂತಲೂ ಕಡಿಮೆ. ಬಿಳಿ ಎಲ್‌ಇಡಿ ಬೆಳಗಲು 3 ವೋಲ್ಟ್ ಆಸುಪಾಸು ಬೇಕಾದ್ದರಿಂದ ಈ ಸಣ್ಣ ಕುಸಿತವೇ ನಿರ್ಣಾಯಕವಾಗುತ್ತದೆ: ಮೊದಲ ಸೆಲ್ಲಿನಲ್ಲಿ ಇನ್ನೂ ಸಾಕಷ್ಟು ಚಾರ್ಜ್ ಉಳಿದಿದ್ದರೂ ಟಾರ್ಚಿನ ಗರಿಷ್ಠ ಬೆಳಕು ಬೇಗನೆ ಕುಗ್ಗುತ್ತದೆ. ಸಾಧಾರಣ ಬೆಳಕಿನಲ್ಲಿ ಗಂಟೆಗಟ್ಟಲೆ ನಡೆಯುವವರಿಗೆ 3,500ರ ಸೆಲ್ ಸರಿ. ದೂರಕ್ಕೆ ಪ್ರಖರ ಬೆಳಕು ಹಾಯಿಸುವವರಿಗೆ 3,000ರದೇ ಮೇಲು. ಯಾವುದೋ ಒಂದನ್ನೇ ಕೊಳ್ಳಬೇಕೆನ್ನುವವರು ಎರಡನೆಯದನ್ನು ಆರಿಸುವುದು ಜಾಣತನ.

ಮೈಮೇಲಿನ ಸಂಕೇತಗಳನ್ನೂ ಓದಲು ಕಲಿಯಬೇಕು. ಐಸಿಆರ್ ಎಂದಿದ್ದರೆ ಕೋಬಾಲ್ಟ್, ಐಎಂಆರ್ ಎಂದರೆ ಮ್ಯಾಂಗನೀಸ್, ಐಎನ್‌ಆರ್ ಎಂದರೆ ನಿಕಲ್ ಪ್ರಧಾನವಾದ ಧನ ವಿದ್ಯುದಗ್ರ ಎಂದರ್ಥ. ಶುದ್ಧ ಕೋಬಾಲ್ಟ್ ಮಾದರಿಯು ಅತಿಯಾಗಿ ಬಿಸಿಯಾದಾಗ ಉಳಿದೆರಡಕ್ಕಿಂತ ಬೇಗ ಹತೋಟಿ ತಪ್ಪುತ್ತದೆ. ಕೆಲವು ಸೆಲ್‌ಗಳ ಋಣ ತುದಿಗೆ ಬಿಲ್ಲೆಯಂಥ ರಕ್ಷಣಾ ಸರ್ಕ್ಯೂಟ್ ಅಂಟಿಸಿರುತ್ತಾರೆ. ಚಾರ್ಜು ಮಿತಿಮೀರಿದರೆ, ತೀರ ಬರಿದಾದರೆ, ಶಾರ್ಟ್ ಆದರೆ ಅದು ವಿದ್ಯುತ್ತನ್ನು ಕಡಿಯುತ್ತದೆ. ಇದರಿಂದ ಸೆಲ್ಲಿನ ಉದ್ದ 68ರಿಂದ 70 ಮಿಲಿಮೀಟರಿಗೆ ಏರುವುದರಿಂದ ಕೆಲವು ಟಾರ್ಚುಗಳಲ್ಲಿ ಅದು ಕೂರುವುದೇ ಇಲ್ಲ; ಒತ್ತಾಯದಿಂದ ತಿರುಚಿ ಮುಚ್ಚಿದರೆ ಸ್ಪ್ರಿಂಗೂ ಹಾಳು, ಸೆಲ್ಲೂ ಹಾಳು. ಟಾರ್ಚಿನೊಳಗೇ ಕಡಿಮೆ ವೋಲ್ಟೇಜ್ ತಡೆ ಇದ್ದರೆ ರಕ್ಷಣೆಯಿಲ್ಲದ ಸೆಲ್ ಬಳಸಬಹುದು, ಇಲ್ಲದಿದ್ದರೆ ರಕ್ಷಣೆಯುಳ್ಳದ್ದೇ ಆಗಬೇಕು. ಎರಡು ಸೆಲ್‌ಗಳನ್ನು ಒಂದರ ಹಿಂದೊಂದು ಇಡುವ ಟಾರ್ಚಿನಲ್ಲಿ ಅವೆರಡೂ ಒಂದೇ ಮಾದರಿಯವು, ಒಂದೇ ವಯಸ್ಸಿನವು, ಒಂದೇ ಮಟ್ಟಕ್ಕೆ ಚಾರ್ಜ್ ಆದವು ಆಗಿರಬೇಕು. ಮೊದಲು ಬರಿದಾದ ಸೆಲ್ಲನ್ನು ಇನ್ನೊಂದು ಸೆಲ್ ತಿರುಗುಮುರುಗಾಗಿ ಚಾರ್ಜ್ ಮಾಡತೊಡಗಿದರೆ ಅದು ಸಿಡಿಯಬಹುದು.

ಆರೈಕೆಯ ವಿಷಯದಲ್ಲಿ ದೊಡ್ಡ ತೊಡಕೆಂದರೆ ಹಳೆಯ ಬ್ಯಾಟರಿಗಳಿಂದ ಕಲಿತ ರೂಢಿಗಳು. ಮನೆಯ ಇನ್ವರ್ಟರಿನ ಸೀಸ-ಆಮ್ಲ ಬ್ಯಾಟರಿಯನ್ನು ಸದಾ ತುಂಬಿಟ್ಟರೆ ಅದು ಬಾಳುತ್ತದೆ. ನಿಕಲ್-ಕ್ಯಾಡ್ಮಿಯಂ ಸೆಲ್ಲನ್ನು ಆಗಾಗ ಪೂರ್ತಿ ಬರಿದು ಮಾಡಿ ಚಾರ್ಜ್ ಮಾಡಬೇಕೆಂದು ಹಿಂದೆ ಹೇಳುತ್ತಿದ್ದರು. ಲಿಥಿಯಂ-ಅಯಾನ್ ಸೆಲ್ಲಿಗೆ ಈ ಎರಡು ಬುದ್ಧಿವಾದಗಳೂ ಸಲ್ಲವು. ತುಂಬಿದ ಸ್ಥಿತಿಯ ಹೆಚ್ಚಿನ ವೋಲ್ಟೇಜಿನಲ್ಲಿ ಒಳಗಿನ ಎಲೆಕ್ಟ್ರೋಲೈಟ್ ದ್ರವ ನಿಧಾನವಾಗಿ ವಿಘಟನೆಯಾಗುತ್ತಾ ಹೋಗುತ್ತದೆ, ಗ್ರಾಫೈಟ್ ವಿದ್ಯುದಗ್ರದ ಮೇಲಿನ ಪೊರೆ ದಪ್ಪವಾಗುತ್ತಾ ಬಳಕೆಗೆ ಸಿಗಬೇಕಾದ ಲಿಥಿಯಮನ್ನು ನುಂಗುತ್ತದೆ, ಮತ್ತು ಶಾಖವು ಈ ಎರಡನ್ನೂ ತೀವ್ರಗೊಳಿಸುತ್ತದೆ. ತೀರ ಬರಿದಾದರೆ ಬೇರೆಯೇ ಅನಾಹುತ: ವೋಲ್ಟೇಜು 2.5ಕ್ಕಿಂತ ಬಹಳ ಕೆಳಗಿಳಿದು ಹಾಗೆಯೇ ಉಳಿದರೆ ಋಣ ವಿದ್ಯುದಗ್ರದ ತಾಮ್ರದ ಹಾಳೆ ಕರಗಿ, ಮರುಚಾರ್ಜಿನ ವೇಳೆ ಬೇಡದ ಜಾಗದಲ್ಲಿ ಹೆಪ್ಪುಗಟ್ಟಿ ಒಳಗೇ ಶಾರ್ಟ್ ಆಗುವ ಸಂಭವವಿದೆ. 2 ವೋಲ್ಟಿಗೂ ಕೆಳಗಿಳಿದ ಸೆಲ್ಲಿಗೆ ಮರುಜೀವ ಕೊಡುತ್ತೇವೆಂದು ಹೇಳಿಕೊಳ್ಳುವ ಚಾರ್ಜರುಗಳಿವೆ. ಆ ಸೌಲಭ್ಯವನ್ನು ಬಳಸದಿರುವುದೇ ಕ್ಷೇಮ.

ಹಾಗಾಗಿ ಬಹುಕಾಲ ಬಳಸದೆ ಇಡುವ ಸೆಲ್ಲನ್ನು ಸುಮಾರು ಅರ್ಧಕ್ಕೆ, ಅಂದರೆ 3.7 ವೋಲ್ಟಿನ ಆಸುಪಾಸಿಗೆ ತಂದು ತಂಪಾದ ಒಣ ಜಾಗದಲ್ಲಿಡಬೇಕು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ತುಂಬು ಚಾರ್ಜಿನ ಟಾರ್ಚ್ ಇಡುವುದಕ್ಕಿಂತ ಕೆಟ್ಟ ಅಭ್ಯಾಸ ಇನ್ನೊಂದಿಲ್ಲ. ಕರೆಂಟು ಹೋದಾಗಲೆಂದು ಇಟ್ಟ ಟಾರ್ಚ್ ಅರ್ಧ ಖಾಲಿಯಿದ್ದರೆ ಏನು ಪ್ರಯೋಜನ ಎಂಬ ಆಕ್ಷೇಪ ಸಹಜವೇ. ಅದಕ್ಕೆ ಪರಿಹಾರವೆಂದರೆ 4.2ರ ಬದಲು 4.1 ವೋಲ್ಟಿಗೆ ಚಾರ್ಜನ್ನು ನಿಲ್ಲಿಸುವುದು: ಸುಮಾರು ಹತ್ತರಲ್ಲೊಂದು ಪಾಲು ಸಾಮರ್ಥ್ಯ ಬಿಟ್ಟುಕೊಟ್ಟಂತಾದರೂ ಸೆಲ್ಲಿನ ಆಯುಷ್ಯ ಗಣನೀಯವಾಗಿ ಹೆಚ್ಚುತ್ತದೆ. ಎಲೆಕ್ಟ್ರಾನಿಕ್ ಬಟನ್ ಸ್ವಿಚ್ಚಿನ ಟಾರ್ಚುಗಳು ಆರಿಸಿದಾಗಲೂ ಅತ್ಯಲ್ಪ ವಿದ್ಯುತ್ತು ಹೀರುತ್ತಿರುತ್ತವೆ. ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿದರೆ, ಆನೊಡೈಸ್ ಮಾಡಿದ, ಅಂದರೆ ಆಕ್ಸೈಡ್ ಪೊರೆ ಕಟ್ಟಿದ, ತಿರುಪಿನ ಮರೆಗಳು ವಿದ್ಯುತ್ತು ಹಾಯಿಸವಾದ್ದರಿಂದ, ಅದೂ ನಿಲ್ಲುತ್ತದೆ, ಚೀಲದೊಳಗೆ ತಾನಾಗಿ ಹೊತ್ತಿಕೊಳ್ಳುವ ಅಪಾಯವೂ ತಪ್ಪುತ್ತದೆ.

ಚಾರ್ಜರು ಮೊದಲು ಸ್ಥಿರ ಪ್ರವಾಹದಲ್ಲಿ, ವೋಲ್ಟೇಜು 4.2 ಮುಟ್ಟಿದ ಮೇಲೆ ಅದನ್ನು ಅಲ್ಲೇ ಹಿಡಿದು ಪ್ರವಾಹವನ್ನು ಇಳಿಸುತ್ತಾ ತುಂಬುವಂಥದ್ದಾಗಿರಬೇಕು. 3,000ರ ಸೆಲ್ಲಿಗೆ 1.5 ಆಂಪಿಯರ್, ಅಂದರೆ ಸಾಮರ್ಥ್ಯದ ಅರ್ಧ, ಹಿತವಾದ ವೇಗ. ಯುಎಸ್‌ಬಿ-ಸಿ ಕಿಂಡಿಯಿರುವ ಕೆಲವು ಅಗ್ಗದ ಟಾರ್ಚುಗಳು ಎರಡೂ ತುದಿ ಸಿ ಆಗಿರುವ ಹೊಸ ಕೇಬಲ್ಲಿನಲ್ಲಿ ಚಾರ್ಜ್ ಆಗದೆ ಸತ್ತಂತೆ ತೋರುವುದುಂಟು. ಕಿಂಡಿಯೊಳಗೆ ಇರಬೇಕಾದ 5.1 ಕಿಲೋಓಮ್‌ನ ಎರಡು ಪುಟ್ಟ ರೆಸಿಸ್ಟರುಗಳನ್ನು ತಯಾರಕ ಖರ್ಚು ಉಳಿಸಲು ಕೈಬಿಟ್ಟಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಇನ್ನೊಂದು ತುದಿ ಹಳೆಯ ಚಪ್ಪಟೆ ಯುಎಸ್‌ಬಿ-ಎ ಆಗಿರುವ ಕೇಬಲ್ಲಿನಲ್ಲಿ ಅದೇ ಟಾರ್ಚ್ ಸರಾಗವಾಗಿ ಚಾರ್ಜ್ ಆಗುತ್ತದೆ. ತುಂಬಿದ ಸೆಲ್ ಸುಮ್ಮನಿದ್ದೂ ಒಂದೆರಡು ವಾರದಲ್ಲೇ 4 ವೋಲ್ಟಿಗಿಂತ ಕೆಳಗಿಳಿದರೆ, ಅಥವಾ ಚಾರ್ಜ್ ಆಗುವಾಗ ಹಿಂದೆಂದಿಗಿಂತ ಹೆಚ್ಚು ಬಿಸಿಯಾದರೆ, ಅದರ ಕಾಲ ಮುಗಿಯಿತೆಂದು ತಿಳಿಯಬೇಕು.

ಸೆಲ್ಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಅಲಂಕಾರವೆಂದು ಭಾವಿಸಬಾರದು. ಒಳಗಿನ ಲೋಹದ ಡಬ್ಬಿಯ ಮೈಯೆಲ್ಲ ಋಣ ತುದಿಯೇ ಆಗಿರುವುದರಿಂದ ಹೊದಿಕೆ ಹರಿದ ಕಡೆ, ಅದರಲ್ಲೂ ಧನ ತುದಿಯ ಅಂಚಿನಲ್ಲಿ, ಟಾರ್ಚಿನ ಗೋಡೆ ತಗುಲಿದರೆ ನೇರ ಶಾರ್ಟ್ ಆಗುತ್ತದೆ. ಜೇಬಿನಲ್ಲಿ ಬೀಗದ ಕೈಯೊಂದಿಗೆ ಬಿಡಿ ಸೆಲ್ ಹಾಕಿಕೊಂಡರೂ ಅದೇ ಗತಿ. ಬಿಡಿ ಸೆಲ್‌ಗಳಿಗೆ ಪ್ಲಾಸ್ಟಿಕ್ ಡಬ್ಬಿಯಿರಲಿ, ವಿಮಾನ ಪ್ರಯಾಣದಲ್ಲಿ ಅವು ಕೈಚೀಲದಲ್ಲೇ ಇರಲಿ. ಚೆಕ್-ಇನ್ ಸಾಮಾನಿನಲ್ಲಿ ಅವುಗಳಿಗೆ ಅನುಮತಿಯಿಲ್ಲ.

ಮುಗಿದ ಸೆಲ್‌ಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022 ಉತ್ಪಾದಕರ ಮೇಲೆಯೇ ಹೊರಿಸಿವೆ. ಕಸದ ಲಾರಿಯಲ್ಲಿ ಒತ್ತಿಗೆ ಸಿಕ್ಕಿ ಜಜ್ಜಿದ ಲಿಥಿಯಂ ಸೆಲ್ ಒಂದೇ ಇಡೀ ಲಾರಿಗೆ ಬೆಂಕಿ ಹಚ್ಚಬಲ್ಲದು. ಆದಕಾರಣ ಓದುಗರು ಹಳೆಯ ಸೆಲ್ಲಿನ ಎರಡೂ ತುದಿಗಳಿಗೆ ಟೇಪು ಸುತ್ತಿ, ಅದನ್ನು ಒಣಕಸಕ್ಕೂ ಹಸಿಕಸಕ್ಕೂ ಸೇರಿಸದೆ, ಇ-ತ್ಯಾಜ್ಯ ಸ್ವೀಕರಿಸುವವರ ಕೈಗೇ ಕೊಡಬೇಕೆಂದು ವಿನಂತಿ.