ಗೋಡೆಗೆ ನೆರಳು ಬೇಕೇ?

ಹಾಸನದಿಂದ ಚನ್ನರಾಯಪಟ್ಟಣದ ಮಾರ್ಗವಾಗಿ ಶ್ರವಣಬೆಳಗೊಳಕ್ಕೆ ಹೋದವರು ವಿಂಧ್ಯಗಿರಿಯನ್ನೇರಿ, ಗೊಮ್ಮಟನನ್ನು ಕಂಡು ಹಿಂದಿರುಗುತ್ತಾರೆ. ಊರೊಳಗಿನ ಜೈನಮಠದ ಭಿತ್ತಿಚಿತ್ರಗಳ ಮುಂದೆ ನಿಲ್ಲುವವರು ವಿರಳ. ಅಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರು ಇದೆ, ತೀರ್ಥಂಕರರ ಕಥೆಗಳಿವೆ. ಆದರೆ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಮರ ಮತ್ತು ಆರು ಮಂದಿಯ ಚಿತ್ರ. ಹಣ್ಣಿನಾಸೆಗೆ ಒಬ್ಬನು ಮರವನ್ನೇ ಬುಡಸಹಿತ ಉರುಳಿಸಬಯಸುತ್ತಾನೆ, ಇನ್ನೊಬ್ಬನು ಕೊಂಬೆ ಕಡಿಯಬಯಸುತ್ತಾನೆ. ಕೊನೆಯವನಿಗೆ ನೆಲಕ್ಕೆ ಬಿದ್ದ ಹಣ್ಣೇ ಸಾಕು. ಜೈನರು ಇದನ್ನು ಷಡ್ಲೇಶ್ಯೆ ಎನ್ನುತ್ತಾರೆ. ಆತ್ಮಕ್ಕೆ ಅಂಟುವ ಬಣ್ಣಗಳು ಆರು, ಕಪ್ಪಿನಿಂದ ಬಿಳಿಯವರೆಗೆ. ಚಿತ್ರದಲ್ಲಿ ನೆರಳಿನ ಆಟವಿಲ್ಲ; ರೇಖೆ ಮತ್ತು ಅದರೊಳಗೆ ತುಂಬಿದ ಬಣ್ಣ, ಅಷ್ಟೇ.

ಚೀನಾದ ಸಾಂಪ್ರದಾಯಿಕ ಚಿತ್ರಕಾರರೂ ರೇಖೆಯನ್ನೇ ನಂಬಿದವರು. ಮಸಿ ಹೀರುವ ಕಾಗದದ ಮೇಲೆ ಎಳೆದ ಗೆರೆಯನ್ನು ತಿದ್ದಲಾಗದು. ಬರೆಯದೆ ಬಿಟ್ಟ ಜಾಗವೇ ಅಲ್ಲಿ ಮಂಜು, ಅದೇ ನದಿ. 1715ರಲ್ಲಿ ಚೀನಾ ತಲುಪಿದ ಯೇಸುಸಭೆಯ ಸಹೋದರ, ಇಟಲಿಯ ಜುಸೆಪ್ಪೆ ಕಾಸ್ತಿಲ್ಯೋನೆ, ಯುರೋಪಿನ ನೆರಳುಬೆಳಕಿನ ವಿದ್ಯೆಯಲ್ಲಿ ಪಳಗಿದವರು. ಆದರೆ ಮುಖದ ಮೇಲಿನ ನೆರಳು ಚೀನೀ ಅರಮನೆಯವರ ಕಣ್ಣಿಗೆ ಕೊಳೆಯಂತೆ ಕಾಣುತ್ತಿತ್ತು. ಅವರು ಮುಖಗಳಿಗೆ ಎದುರಿನಿಂದ ಬೆಳಕು ಬೀಳಿಸಿ ನೆರಳನ್ನು ತೆಳುವಾಗಿಸಿದರು, ರೇಷ್ಮೆಯ ಮೇಲೆ ಬರೆಯುವುದನ್ನು ರೂಢಿಸಿಕೊಂಡರು. 1728ರ ಅವರ ‘ನೂರು ಕುದುರೆಗಳು’ ಸುರುಳಿಚಿತ್ರದ ಉದ್ದ ಏಳೂವರೆ ಮೀಟರಿಗೂ ಹೆಚ್ಚು. 1766ರಲ್ಲಿ ಬೀಜಿಂಗಿನಲ್ಲೇ ಅವರು ದೈವಾಧೀನರಾದರು.

ನಮ್ಮ ನಗರಗಳ ಗೋಡೆಗಳಿಗೆ ಈ ವಿವೇಕ ಒದಗಲಿಲ್ಲ. 2009ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯು ಪೋಸ್ಟರು ಅಂಟಿಸುವುದನ್ನು ತಡೆಯಲೆಂದು ಗೋಡೆಗಳ ಮೇಲೆ ಚಿತ್ರ ಬರೆಸಿತು. ಫ್ಲೆಕ್ಸ್ ಬಂದು ಕೆಲಸ ಕಳೆದುಕೊಂಡಿದ್ದ ಬ್ಯಾನರ್ ಕಲಾವಿದರಿಗೆ ಅದರಿಂದ ಅನ್ನ ದೊರಕಿತು. ಆ ಮಟ್ಟಿಗೆ ಸಂತೋಷವೇ. ಚಿತ್ರಗಳಲ್ಲಿ ಮಾತ್ರ ಹಂಪಿಯ ರಥ, ಜೋಗ, ಹೊಯ್ಸಳ ಶಿಲ್ಪ, ಎಲ್ಲವೂ ಛಾಯಾಚಿತ್ರದ ನೆರಳಿನ ಸಮೇತ ನಕಲು. ಬಿಸಿಲು ಕಲ್ಲಿಗೆ ಕೊಡುವ ನೆರಳನ್ನು ಬಣ್ಣದಲ್ಲಿ ಬಳಿದರೆ ಅದು ಕಲ್ಲೂ ಅಲ್ಲ, ಚಿತ್ರವೂ ಅಲ್ಲ. ಬೇಲೂರನ್ನು ಮನೆಬಾಗಿಲಲ್ಲೇ ಇರಿಸಿಕೊಂಡ ನಮಗಂತೂ ಅದು ಇನ್ನಷ್ಟು ಸಪ್ಪೆ.

ಹಾಸನ, ಹೊಳೆನರಸೀಪುರ, ಅರಕಲಗೂಡುಗಳಲ್ಲಿ ಶಾಲೆಯ ಇಲ್ಲವೇ ದೇವಾಲಯದ ಗೋಡೆಗೆ ಚಿತ್ರ ಬರೆಸುವ ಮಾತು ಬಂದರೆ, ಕ್ಯಾಲೆಂಡರಿನ ಯೇಸುಸ್ವಾಮಿಯನ್ನು ಹಿಗ್ಗಿಸಿ ಬರೆಸುವ ಮುನ್ನ ಕಲಾವಿದನನ್ನು ಒಂದು ದಿನ ಬೆಳಗೊಳದ ಮಠಕ್ಕೆ ಕರೆದೊಯ್ಯಿರಿ. ಬಿತ್ತುವವನ ಸಾಮತಿಯಲ್ಲಿಯೂ ನಾಲ್ಕು ಬಗೆಯ ನೆಲಗಳಿವೆ: ದಾರಿ, ಕಲ್ಲು, ಮುಳ್ಳು, ಹದವಾದ ಮಣ್ಣು. ಆ ಮರದ ಆರು ಮಂದಿಯ ಹಾಗೆ ಇವೂ ಒಂದೇ ಗೋಡೆಯಲ್ಲಿ ಹಿಡಿಸುತ್ತವೆ.