ಮಕ್ಕಳ ಓದಿಗೆ ಪಕ್ಕದೂರಲ್ಲಿ ಮನೆ: ಒಂದು ರೂಢಿಯ ವಿಮರ್ಶೆ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಯಾವ ಊರಿಗೆ ಹೋದರೂ ‘ಮಕ್ಕಳ ಸಲುವಾಗಿ ದಾವಣಗೆರೆಯಲ್ಲಿ ಮನೆ ಮಾಡ್ಯಾರೆ’ ಎಂಬ ಮಾತು ಕಿವಿಗೆ ಬೀಳುತ್ತದೆ. ನ್ಯಾಮತಿ, ಹೊನ್ನಾಳಿಯ ಕಡೆ ದಾವಣಗೆರೆಯ ಜಾಗದಲ್ಲಿ ಶಿವಮೊಗ್ಗ ಬರಬಹುದು, ಅಷ್ಟೇ ವ್ಯತ್ಯಾಸ. ಹಳ್ಳಿಯವರು ತಾಲ್ಲೂಕು ಕೇಂದ್ರಕ್ಕೆ, ತಾಲ್ಲೂಕು ಕೇಂದ್ರದವರು ಜಿಲ್ಲಾ ಕೇಂದ್ರಕ್ಕೆ ಬಾಡಿಗೆ ಮನೆ ಹಿಡಿಯುತ್ತಾರೆ. ಬಹುಪಾಲು ಇಡೀ ಸಂಸಾರ ಹೊರಡುವುದಿಲ್ಲ. ತಾಯಿ ಮಕ್ಕಳನ್ನು ಕರೆದುಕೊಂಡು ಬಾಡಿಗೆ ಮನೆಗೆ ಹೋಗುತ್ತಾಳೆ, ತಂದೆ ಹೊಲ ತೋಟ ನೋಡಿಕೊಂಡು ಊರಲ್ಲೇ ಉಳಿಯುತ್ತಾನೆ, ಅಜ್ಜ ಅಜ್ಜಿ ಹಳೆಯ ಮನೆಯಲ್ಲಿರುತ್ತಾರೆ. ಊರಿನ ಅಕ್ಕಿ, ಬೇಳೆ, ತೆಂಗಿನಕಾಯಿ ಬಸ್ಸಿನಲ್ಲಿ ಪಟ್ಟಣಕ್ಕೆ ಹೋಗುತ್ತವೆ. ಈ ರೂಢಿಯನ್ನು ತಂದೆ ತಾಯಿಯರ ತ್ಯಾಗವೆಂದು ಹೊಗಳುವವರಿದ್ದಾರೆ, ಪಟ್ಟಣದ ಹುಚ್ಚು ಎಂದು ತೆಗಳುವವರೂ ಇದ್ದಾರೆ. ಎರಡೂ ಮಾತು ಸಾಲದು. ಮಕ್ಕಳ ಮೇಲಿನ ಕಾಳಜಿಯಿಂದಲೇ ಹುಟ್ಟಿದ ಈ ನಿರ್ಧಾರವನ್ನು ಅದು ಕೊಡುವ ಫಲದಿಂದ ಅಳೆಯಬೇಕು. ಹಾಗೆ ಅಳೆದಾಗ ನನಗೆ ಕಾಣುವುದು ಇದು: ದುಡಿಮೆ ಹೋದ ಕಡೆ ಮನೆ ಹೋದರೆ ಸಂಸಾರ ನಿಲ್ಲುತ್ತದೆ. ದುಡಿಮೆಯನ್ನು ಇಲ್ಲೇ ಬಿಟ್ಟು, ಶಾಲೆಯೊಂದರ ಹೆಸರು ನೋಡಿ ಮನೆ ಹೋದರೆ ಮಗುವಿಗೆ ಸಿಗುವುದಕ್ಕಿಂತ ಮನೆ ಕಳೆದುಕೊಳ್ಳುವುದೇ ಹೆಚ್ಚು.

ದಾವಣಗೆರೆಗೆ ಸುತ್ತಲ ಊರುಗಳಿಂದ ಜನ ಬಂದು ನೆಲೆಸಿದ್ದು ಹೊಸದೇನಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ಅದನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದರು. ಗಿರಣಿಯ ಪಾಳಿ, ದಲ್ಲಾಳಿ ಅಂಗಡಿಯ ಲೆಕ್ಕ, ಮಂಡಕ್ಕಿ ಭಟ್ಟಿಯ ಕೆಲಸ ನಂಬಿ ಸಂಸಾರಗಳು ಬಂದವು. ಆ ವಲಸೆಯಲ್ಲಿ ಕಷ್ಟ ಬೇಕಾದಷ್ಟಿತ್ತು. ಆದರೆ ಗಂಡ, ಹೆಂಡತಿ, ಮಕ್ಕಳು ಒಂದೇ ಸೂರಿನಡಿ ಇದ್ದರು, ಬಾಡಿಗೆ ಕಟ್ಟುವ ಸಂಬಳ ಅದೇ ಊರಲ್ಲಿ ಹುಟ್ಟುತ್ತಿತ್ತು. ಗಿರಣಿಗಳು ಮುಚ್ಚಿದ ಮೇಲೆ ನಗರ ವಿದ್ಯಾಕೇಂದ್ರವೆಂದು ಹೆಸರಾಯಿತು. 1958ರಲ್ಲಿ ಆರಂಭವಾದ ಬಾಪೂಜಿ ವಿದ್ಯಾಸಂಸ್ಥೆ, 1965ರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, ಅದಕ್ಕೂ ಹಳೆಯದಾದ ಯು.ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು, 2009ರಲ್ಲಿ ಬಂದ ದಾವಣಗೆರೆ ವಿಶ್ವವಿದ್ಯಾಲಯ ಆ ಹೆಸರನ್ನು ಗಟ್ಟಿ ಮಾಡಿದವು. ಗಮನಿಸಬೇಕಾದ್ದೆಂದರೆ ಇವುಗಳಿಗೆ ಹೆಸರು ಬಂದದ್ದು ಮುಖ್ಯವಾಗಿ ಪದವಿ ಓದಿನಿಂದ. ಇವುಗಳ ಹೆಸರು ಕೇಳಿ ಒಂದನೇ ತರಗತಿಯ ಮಗುವಿಗಾಗಿ ಮನೆ ಬದಲಿಸುವುದು ಹನ್ನೆರಡು ವರ್ಷ ಮೊದಲೇ ಬಾಡಿಗೆ ಕಟ್ಟತೊಡಗಿದಂತೆ. ಹಿಂದಿನ ವಲಸೆ ನಗರದಿಂದ ಹಳ್ಳಿಗೆ ನಾಲ್ಕು ಕಾಸು ಕಳಿಸುತ್ತಿತ್ತು. ಈಗಿನದು ಹಳ್ಳಿಯ ದುಡ್ಡನ್ನು ನಗರಕ್ಕೆ ಸಾಗಿಸುತ್ತದೆ. ಎರಡಕ್ಕೂ ‘ಊರು ಬಿಟ್ಟರು’ ಎಂಬ ಒಂದೇ ಮಾತಿದ್ದರೂ ಎರಡರ ಲೆಕ್ಕ ಬೇರೆ ಬೇರೆ.

ಈ ಲೆಕ್ಕ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಚನ್ನಗಿರಿಯಲ್ಲಿ. ಸೂಳೆಕೆರೆಯ ನೀರು, ಭದ್ರಾ ನಾಲೆ, ಕೊಳವೆಬಾವಿಗಳನ್ನು ನಂಬಿ ಅಡಿಕೆ ಹಬ್ಬಿದ ಸೀಮೆ ಅದು. ಅಡಿಕೆ ಬೆಳೆ ಗೊನೆ ಇಳಿಸಿದಲ್ಲಿಗೆ ಮುಗಿಯುವುದಿಲ್ಲ. ಹಸಿ ಅಡಿಕೆಯನ್ನು ಸುಲಿಯಬೇಕು, ಚೊಗರಿನಲ್ಲಿ ಬೇಯಿಸಬೇಕು, ಕಣದಲ್ಲಿ ಹರವಿ ಒಣಗಿಸಬೇಕು, ಮೋಡ ಕಟ್ಟಿದರೆ ಓಡಿ ಹೋಗಿ ಒಟ್ಟಬೇಕು. ಮನೆಯವರೆಲ್ಲ ನಿಂತು ಮಾಡುವ ಈ ಕೆಲಸದಲ್ಲೇ ಹಸಿ ಅಡಿಕೆ ರಾಶಿ ಅಡಿಕೆಯಾಗಿ ಮಂಡಿಯ ದರ ಪಡೆಯುತ್ತದೆ. ಹೆಂಗಸರು ಮಕ್ಕಳೊಂದಿಗೆ ಪಟ್ಟಣ ಸೇರಿದ ಮನೆಯಲ್ಲಿ ಆಳುಗಳಿಗೆ ಅಡುಗೆ ಮಾಡುವವರಿಲ್ಲ, ಕಣ ಕಾಯುವವರಿಲ್ಲ. ಆಗ ಉಳಿಯುವ ದಾರಿ ಖೇಣಿ. ಫಸಲನ್ನು ಮೊದಲೇ ಮಾತಾಡಿ ಖೇಣಿದಾರರಿಗೆ ಬಿಟ್ಟುಕೊಡಲಾಗುತ್ತದೆ. ಖೇಣಿ ಕೊಡುವುದರಲ್ಲಿ ತಪ್ಪಿಲ್ಲ. ಕೈಯಲ್ಲಿ ಆಳಿಲ್ಲದವರಿಗೆ, ವಯಸ್ಸಾದವರಿಗೆ ಅದು ಆಸರೆ. ಆದರೆ ಸುಲಿದು ಬೇಯಿಸಿ ಒಣಗಿಸುವ ಕೆಲಸಕ್ಕೆ ಸಿಗುವ ಲಾಭ ಖೇಣಿದಾರರ ಪಾಲಾಗುತ್ತದೆ. ಮಗುವಿನ ಶಾಲೆಯ ಖರ್ಚೆಂದರೆ ಶುಲ್ಕ, ಸಮವಸ್ತ್ರ, ವ್ಯಾನಿನ ಬಾಡಿಗೆ ಎಂದು ಬರೆದಿಟ್ಟುಕೊಳ್ಳುವ ಮನೆ ಈ ಕೈಬಿಟ್ಟ ಲಾಭವನ್ನು ಎಲ್ಲೂ ಬರೆಯುವುದಿಲ್ಲ. ಅದನ್ನೂ ಸೇರಿಸಿ ನೋಡಿದರೆ ಪಟ್ಟಣದ ಶಾಲೆಯ ನಿಜವಾದ ಬೆಲೆ ಗೊತ್ತಾಗುತ್ತದೆ.

ಹೊನ್ನಾಳಿ, ನ್ಯಾಮತಿಗಳದು ಬೇರೆ ಪಾಠ. ಹೊನ್ನಾಳಿ ತುಂಗಭದ್ರೆಯ ದಂಡೆಯ ಊರು. ನದಿ ಮತ್ತು ನಾಲೆಯ ನೀರಿನ ಭತ್ತದ ಗದ್ದೆಗಳು ಅದರ ಬದುಕು. ನಾಲೆಯ ಕೊನೆಯ ಭಾಗದ ರೈತನಿಗೆ ನೀರು ಹಗಲೋ ಇರುಳೋ, ಬಂದಾಗ ಬಂತು. ಸರದಿ ತಪ್ಪಿದರೆ ಮಡಿ ಒಣಗುತ್ತದೆ. ಅಂಥವನು ಹೆಂಡತಿ ಮಕ್ಕಳಿರುವ ಊರಿಗೂ ಗದ್ದೆಗೂ ಓಡಾಡುತ್ತ ಎರಡು ಕಡೆಯೂ ಅರ್ಧ ಇರುವವನಾಗುತ್ತಾನೆ. ಪಕ್ಕದ ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಒಂದು ಊರಾಗಿತ್ತು. 2017ರ ಬಜೆಟ್ಟಿನಲ್ಲಿ ಹೊಸ ತಾಲ್ಲೂಕುಗಳ ಘೋಷಣೆಯಾದ ಮೇಲೆ ತಾನೇ ತಾಲ್ಲೂಕು ಕೇಂದ್ರವಾಯಿತು. ತಹಶೀಲ್ದಾರ್ ಕಚೇರಿಯ ಕೆಲಸಕ್ಕೆ ಹೊನ್ನಾಳಿಗೆ ಹೋಗಿ ಕಾಯಬೇಕಿದ್ದವರಿಗೆ ಕಚೇರಿ ಬಾಗಿಲಿಗೇ ಬಂತು. ಈ ಸೀಮೆಯ ಹಿಂದಿನ ಚರಿತ್ರೆಯೂ ಕಚೇರಿಗಳು ಹತ್ತಿರ ಬಂದದ್ದನ್ನೇ ಹೇಳುತ್ತದೆ. 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರಾದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ದಾವಣಗೆರೆ ಜಿಲ್ಲೆ ಹುಟ್ಟಿತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ, ಜಗಳೂರು ಚಿತ್ರದುರ್ಗದಿಂದ ಬಂದು ಸೇರಿದವು. ಹೀಗೆ ಒಂದೇ ತಲೆಮಾರಿನಲ್ಲಿ ಈ ಊರುಗಳ ಜಿಲ್ಲೆ ಬದಲಾಯಿತು, ತಾಲ್ಲೂಕು ಒಡೆಯಿತು, ಕಚೇರಿಗಳು ಹತ್ತಿರವಾದವು. ಇಂದಿನ ಕೊರತೆ ಎಂದೆಂದಿಗೂ ಹೀಗೇ ಇರುತ್ತದೆ ಎಂದುಕೊಂಡು ಮನೆಯ ಬುಡ ಕೀಳುವವರು ಈ ಇಪ್ಪತ್ತೈದು ಮೂವತ್ತು ವರ್ಷಗಳನ್ನು ಒಮ್ಮೆ ತಿರುಗಿ ನೋಡಬೇಕು. ಹಾಗೆಂದು ಹೊನ್ನಾಳಿ ನ್ಯಾಮತಿಗಳ ನಡುವೆಯೇ ಮನೆ ಬದಲಿಸುವುದು ಅರ್ಥವಿಲ್ಲದ್ದೇನಲ್ಲ. ಒಬ್ಬರಿಗೆ ಶಿವಮೊಗ್ಗದಲ್ಲಿ ನೌಕರಿ, ಇನ್ನೊಬ್ಬರಿಗೆ ಇತ್ತ ಜಮೀನು ಇರುವ ಮನೆಗೆ ಶಿವಮೊಗ್ಗಕ್ಕೆ ಹತ್ತಿರವಾದ ನ್ಯಾಮತಿ ತಕ್ಕ ಜಾಗ. ಇಬ್ಬರೂ ರಾತ್ರಿ ಒಂದೇ ಮನೆಗೆ ಬರಬಹುದು. ಅಲ್ಲಿ ಮನೆ ದುಡಿಮೆಯನ್ನು ಹಿಂಬಾಲಿಸಿದೆ.

ಜಗಳೂರಿಗೆ ಬಂದರೆ ನನ್ನ ವಾದಕ್ಕೆ ಎದುರಾದ ಪ್ರಕರಣ ಸಿಕ್ಕಂತೆ ಮೇಲ್ನೋಟಕ್ಕೆ ಕಾಣುತ್ತದೆ. ಅದು ಮಳೆ ನಂಬಿದ ಬರದ ತಾಲ್ಲೂಕು. ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಕೈಕೊಟ್ಟ ವರ್ಷ ಊರಲ್ಲಿ ಕೂಲಿ ಕೂಡ ಹುಟ್ಟುವುದಿಲ್ಲ. ಅಲ್ಲಿಂದ ಸಂಸಾರ ಸಮೇತ ದಾವಣಗೆರೆಗೆ ಬಂದು ಗಾರೆ ಕೆಲಸವೋ ಅಂಗಡಿ ಕೆಲಸವೋ ಹಿಡಿದು, ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸುವವರಿಗೆ ‘ಹೋಗಬೇಡಿ’ ಎನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ಇದು ನನ್ನ ವಾದವನ್ನು ಮುರಿಯುವುದಿಲ್ಲ, ಗಟ್ಟಿ ಮಾಡುತ್ತದೆ. ಇಲ್ಲಿ ಮೊದಲು ಹೊರಟದ್ದು ದುಡಿಮೆ, ಮನೆ ಅದರ ಹಿಂದೆ ಹೋಯಿತು. ತಂದೆಯೊಬ್ಬನೇ ವರ್ಷವಿಡೀ ಹೊರಗೆ ದುಡಿದು, ಮಕ್ಕಳು ಅಜ್ಜಿಯ ಜೊತೆ ಊರಲ್ಲಿ ಉಳಿಯುವುದಕ್ಕಿಂತ ಎಲ್ಲರೂ ಒಟ್ಟಿಗೆ ಹೋಗುವುದು ಮೇಲು. ಇದಕ್ಕೆ ಇನ್ನೊಂದು ಮುಖವಿದೆ. ತುಂಗಭದ್ರೆಯ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆಗಾಗಿ ಈ ಸೀಮೆಯ ಜನ ವರ್ಷಗಟ್ಟಲೆ ಒತ್ತಾಯಿಸಿದರು, ಭದ್ರಾ ಮೇಲ್ದಂಡೆ ಯೋಜನೆಗಾಗಿ ಇಂದಿಗೂ ಒತ್ತಾಯಿಸುತ್ತಿದ್ದಾರೆ. ನೀರು ಬಂದರೆ ದುಡಿಮೆ ಊರಿಗೆ ಮರಳುತ್ತದೆ, ಮನೆಯೂ ಮರಳುತ್ತದೆ ಎಂಬ ನಂಬಿಕೆಯೇ ಆ ಹೋರಾಟದ ಬಲ. ಜನರನ್ನು ಊರಲ್ಲಿ ಹಿಡಿದಿಡುವುದು ಉಪದೇಶವಲ್ಲ, ನೀರು ಮತ್ತು ಕೂಲಿ.

ಮಕ್ಕಳ ಓದಿನ ನೆಪದಲ್ಲಿ ಊರು ಬಿಡುವವರು ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಸಂಗತಿ ನಿಯಮಗಳಲ್ಲಿದೆ. ದಾವಣಗೆರೆ ಜಿಲ್ಲೆಯ ಜವಾಹರ ನವೋದಯ ವಿದ್ಯಾಲಯ ಇರುವುದು ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ. ಆರನೇ ತರಗತಿಯಿಂದ ಹನ್ನೆರಡರವರೆಗೆ ಊಟ, ವಸತಿ, ಓದು ಎಲ್ಲ ಅಲ್ಲೇ. ಪ್ರವೇಶ ಪರೀಕ್ಷೆಯ ಸೀಟುಗಳಲ್ಲಿ ಕನಿಷ್ಠ ಶೇ 75 ಗ್ರಾಮೀಣ ಮಕ್ಕಳಿಗೆ ಮೀಸಲು. ಆ ಮೀಸಲಾತಿ ಬೇಕಾದರೆ ಮಗು ಮೂರು, ನಾಲ್ಕು, ಐದನೇ ತರಗತಿಗಳನ್ನು ಪೂರ್ತಿಯಾಗಿ ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಮೂರನೇ ತರಗತಿಗೆ ಪಟ್ಟಣಕ್ಕೆ ಕರೆದೊಯ್ದರೆ ಆ ಬಾಗಿಲು ಮುಚ್ಚಿತು. ನ್ಯಾಮತಿ ಕಡೆಯ ಹಳ್ಳಿಯಿಂದ ಶಿವಮೊಗ್ಗಕ್ಕೆ ಹೋದರೆ ಅರ್ಜಿ ಹಾಕುವ ಜಿಲ್ಲೆಯೂ ಬದಲಾಗುತ್ತದೆ, ಏಕೆಂದರೆ ಐದನೇ ತರಗತಿ ಓದುವ ಜಿಲ್ಲೆಯ ನವೋದಯಕ್ಕೇ ಅರ್ಜಿ ಹಾಕಬೇಕು. ಮುಂದೆ ವೃತ್ತಿ ಶಿಕ್ಷಣದ ಸೀಟು ಹಂಚುವಾಗ, ಒಂದರಿಂದ ಹತ್ತರವರೆಗೆ ಹತ್ತು ವರ್ಷ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ರಾಜ್ಯದಲ್ಲಿ ಶೇ 15, ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ಹತ್ತರಲ್ಲಿ ಒಂದು ವರ್ಷ ತಪ್ಪಿದರೂ ಅದು ಸಿಗದು. ಪುರಸಭೆ, ಪಟ್ಟಣ ಪಂಚಾಯಿತಿಯ ಊರು ಈ ಲೆಕ್ಕಕ್ಕೆ ಗ್ರಾಮೀಣವಲ್ಲವಾದ್ದರಿಂದ ಹಳ್ಳಿ ಬಿಟ್ಟು ಚನ್ನಗಿರಿಗೋ ಹೊನ್ನಾಳಿಗೋ ಹೋದರೂ ಹಕ್ಕು ಹೋಗುತ್ತದೆ. ಮೆಡಿಕಲ್, ಎಂಜಿನಿಯರಿಂಗ್ ಸೀಟಿನ ಕನಸು ಕಂಡು ಒಂದನೇ ತರಗತಿಗೇ ಪಟ್ಟಣ ಸೇರಿಸುವ ತಂದೆ ತಾಯಿ, ಅದೇ ಸೀಟಿಗೆ ಹಳ್ಳಿ ಕೊಟ್ಟ ಅನುಕೂಲವನ್ನು ಬಿಟ್ಟುಕೊಡುತ್ತಿದ್ದಾರೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಮೀಸಲಾತಿ ಇದ್ದರೇನು, ಕಲಿಸುವವರೇ ಇಲ್ಲದಿದ್ದರೆ? ಹಳ್ಳಿ ಶಾಲೆಯಲ್ಲಿ ಶಿಕ್ಷಕರ ಹುದ್ದೆ ಖಾಲಿ ಬಿದ್ದಿದ್ದರೆ, ಪಿಯುಸಿ ವಿಜ್ಞಾನಕ್ಕೆ ಹತ್ತಿರದಲ್ಲಿ ಒಳ್ಳೆಯ ಉಪನ್ಯಾಸಕರಿಲ್ಲದಿದ್ದರೆ ಮಗುವಿನ ಭವಿಷ್ಯವನ್ನು ತೋಟಕ್ಕೆ ಒತ್ತೆ ಇಡಬೇಕೆ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಆದರೆ ಇದರ ಉತ್ತರ ಇಡೀ ಮನೆಯನ್ನು ಕಿತ್ತುಕೊಂಡು ಹೋಗುವುದೇ ಆಗಬೇಕಿಲ್ಲ. ಹತ್ತನೇ ತರಗತಿವರೆಗಿನ ಓದಿಗೆ ಬೇಕಾದ್ದು ದಿನವೂ ಬರುವ ಶಿಕ್ಷಕರು ಮತ್ತು ಸಂಜೆ ಪುಸ್ತಕ ಹಿಡಿದು ಕೂರಿಸುವ ಮನೆ. ಮೊದಲನೆಯದು ಊರಲ್ಲಿ ಇಲ್ಲದಿದ್ದರೆ, ಗ್ರಾಮೀಣ ಮೀಸಲಾತಿ ಕೈತಪ್ಪಿದರೂ, ತಾಲ್ಲೂಕು ಕೇಂದ್ರದ ಶಾಲೆಗೆ ಓಡಾಡಬಹುದು. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಗೆ ಐದನೇ ತರಗತಿಯಲ್ಲೇ ತಯಾರಿ ಮಾಡಿಸಬಹುದು. ಪಿಯುಸಿಗೆ ಹೊರಗೆ ಹೋಗಲೇಬೇಕಾದರೆ ಆಗ ಮಗುವಿಗೆ ಹದಿನಾರು ವರ್ಷ. ದಾವಣಗೆರೆ, ಶಿವಮೊಗ್ಗಗಳಲ್ಲಿ ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣ ಇಲಾಖೆಯ, ಮಠಗಳ ಹಾಸ್ಟೆಲ್‌ಗಳಿರುವುದು ದೂರದ ಊರಿನ ಇಂಥ ಮಕ್ಕಳಿಗೆಂದೇ. ಒಬ್ಬರು ಹಾಸ್ಟೆಲ್ಲಿಗೆ ಹೋಗಿ ಎರಡು ವರ್ಷದಲ್ಲಿ ಮುಗಿಯುವ ಕೆಲಸಕ್ಕೆ ಐದು ಜನರ ಸಂಸಾರ ಹನ್ನೆರಡು ವರ್ಷ ಎರಡು ಒಲೆ ಹೂಡುವುದು ಅಳತೆ ಮೀರಿದ ಪರಿಹಾರ.

ಎರಡನೆಯ ಆಕ್ಷೇಪ ಹೆಣ್ಣುಮಕ್ಕಳ ಕುರಿತದ್ದು. ದಿನಾ ಬಸ್ಸಿನಲ್ಲಿ ಓಡಾಡಿಸುವುದಕ್ಕಿಂತ ಪಟ್ಟಣದಲ್ಲಿ ಮನೆ ಮಾಡುವುದೇ ಕ್ಷೇಮ ಎನ್ನುತ್ತಾರೆ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಒಂದಕ್ಕೂ ರೈಲಿಲ್ಲ, ಬಸ್ಸೇ ಗತಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹುಡುಗಿಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಖರ್ಚಿಲ್ಲ. ಆದರೆ ಈ ರಸ್ತೆಗಳಲ್ಲಿ ಖಾಸಗಿ ಬಸ್ಸುಗಳು ಬಹಳ, ಅವುಗಳಿಗೆ ಆ ಸೌಲಭ್ಯ ಅನ್ವಯಿಸುವುದಿಲ್ಲ. ಬೆಳಗ್ಗೆ ಶಾಲೆಯ ಹೊತ್ತಿಗೆ, ಸಂಜೆ ಶಾಲೆ ಬಿಟ್ಟ ಮೇಲೆ ಸರ್ಕಾರಿ ಬಸ್ ಇಲ್ಲದ ಹಳ್ಳಿಯ ತಂದೆ ತಾಯಿಯ ಅಳುಕು ನ್ಯಾಯವಾದದ್ದೇ. ಆದರೂ ಒಂದು ಬಸ್ಸಿನ ಕೊರತೆಯಿಂದ ಹತ್ತು ಮನೆಗಳು ಊರು ಬಿಟ್ಟರೆ, ಉಳಿದ ಮನೆಗಳ ಹುಡುಗಿಯರಿಗೆ ಆ ಬಸ್ಸು ಎಂದೂ ಬರುವುದಿಲ್ಲ. ಕೇಳುವ ಶಕ್ತಿ ಇದ್ದವರೇ ಹೊರಟುಹೋಗಿರುತ್ತಾರೆ. ಶಾಲೆಯ ವಿಷಯದಲ್ಲೂ ಇದೇ ಆಗುತ್ತದೆ. ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂತು ಶಿಕ್ಷಕರು ಏಕೆ ಬಂದಿಲ್ಲವೆಂದು ಕೇಳಬಲ್ಲ ತಂದೆ ತಾಯಿಯರ ಮಕ್ಕಳು ಪಟ್ಟಣದ ಶಾಲೆಯಲ್ಲಿದ್ದರೆ ಹಳ್ಳಿ ಶಾಲೆಯ ದಾಖಲಾತಿ ಇಳಿಯುತ್ತದೆ. ದಾಖಲಾತಿ ಇಳಿದರೆ ಶಿಕ್ಷಕರ ಹುದ್ದೆಯೂ ಹೋಗುತ್ತದೆ. ಒಂದೊಂದು ಮನೆಯ ಮಟ್ಟಿಗೆ ಸರಿ ಎನಿಸುವ ಹೆಜ್ಜೆಗಳು ಸೇರಿ ಊರಿಗೆ ಅನ್ಯಾಯವಾಗುವುದು ಹೀಗೆ.

ಮೂರನೆಯದು, ಹೀಗೆ ಹೋದವರ ಮಕ್ಕಳು ಡಾಕ್ಟರಾಗಿದ್ದಾರೆ, ಎಂಜಿನಿಯರಾಗಿದ್ದಾರೆ ಎಂಬ ಮಾತು. ನಿಜ, ಆಗಿದ್ದಾರೆ. ಆದರೆ ಎರಡು ಮನೆ ನಡೆಸುವ ತಾಕತ್ತಿದ್ದ, ಮಕ್ಕಳ ಓದಿನ ಮೇಲೆ ಅಷ್ಟು ಗಮನವಿದ್ದ ಕುಟುಂಬಗಳವು. ಯಶಸ್ಸಿನಲ್ಲಿ ಆ ತಾಕತ್ತು, ಆ ಗಮನದ ಪಾಲೆಷ್ಟು, ವಿಳಾಸದ ಪಾಲೆಷ್ಟು ಎಂದು ಬಿಡಿಸಿ ನೋಡದೆ, ಮೂರೆಕರೆ ತೋಟದವರು ಹದಿನೈದು ಎಕರೆಯವರನ್ನು ಅನುಸರಿಸಿ ಸಾಲಕ್ಕೆ ಬೀಳುತ್ತಾರೆ. ಯಶಸ್ಸಿನ ಈ ಕತೆಗಳಲ್ಲಿ ತಾಯಿಯ ಮಾತು ಕೇಳಿಸುವುದೇ ಇಲ್ಲ. ಊರಲ್ಲಿ ಅತ್ತೆ, ವಾರಗಿತ್ತಿ, ನೆರೆಯವರ ನಡುವೆ ಹಂಚಿಹೋಗುತ್ತಿದ್ದ ಮನೆಗೆಲಸ, ಮಗುವಿನ ಜ್ವರ, ಗ್ಯಾಸ್ ಸಿಲಿಂಡರ್, ಶಾಲೆಯ ಮೀಟಿಂಗು ಎಲ್ಲವೂ ಪಟ್ಟಣದಲ್ಲಿ ಅವಳೊಬ್ಬಳ ಮೇಲೆ. ಇತ್ತ ಊರಲ್ಲಿ ಅತ್ತೆ ಮಾವನಿಗೆ ಹುಷಾರಿಲ್ಲವೆಂದರೆ ಅಲ್ಲಿಗೂ ಅವಳೇ ಓಡಬೇಕು. ಮಗುವಿಗಾಗಿ ಮಾಡಿದ ತ್ಯಾಗ ಎಂದು ಮನೆಯವರೆಲ್ಲ ಹೇಳಿಕೊಳ್ಳುವಾಗ ಆ ತ್ಯಾಗವನ್ನು ದಿನದಿನವೂ ಮಾಡುತ್ತಿರುವವಳು ಒಬ್ಬಳೇ ಎಂಬುದನ್ನು ಒಪ್ಪಿಕೊಳ್ಳಬೇಕು.

ಹಾಗಾಗಿ ಈ ರೂಢಿಯ ಬಗ್ಗೆ ನನ್ನ ತೀರ್ಮಾನ ಸಾರಾಸಗಟು ‘ಬೇಡ’ ಎಂಬುದಲ್ಲ. ದುಡಿಯುವವರ ಕೆಲಸವೂ ಅದೇ ಊರಿಗೆ ಹೋಗುತ್ತಿದ್ದರೆ, ಇಲ್ಲವೇ ಹಳೆಯ ಮನೆಯಿಂದಲೇ ಹೋಗಿ ಬರಲಾಗದ ಚಿಕಿತ್ಸೆ ಮನೆಯಲ್ಲಿ ಯಾರಿಗಾದರೂ ಬೇಕಿದ್ದರೆ ಹೋಗಬೇಕು, ಎಲ್ಲರೂ ಒಟ್ಟಿಗೆ ಹೋಗಬೇಕು. ಓದೊಂದೇ ಕಾರಣವಾದರೆ ಹತ್ತನೇ ತರಗತಿವರೆಗೆ ಮನೆ ಅಲುಗಬಾರದು, ಆಮೇಲೆ ಹೋಗಬೇಕಾದದ್ದು ಮಗು, ಮನೆಯಲ್ಲ. ಬಾಡಿಗೆ ಮನೆಗೆ ಮುಂಗಡ ಕೊಡುವ ಮುನ್ನ ಗಂಡ ಹೆಂಡತಿ ಕೂತು ಬಾಡಿಗೆ, ಶುಲ್ಕದ ಜೊತೆಗೆ ಖೇಣಿಗೆ ಬಿಟ್ಟ ಲಾಭ, ಕೈತಪ್ಪುವ ಗ್ರಾಮೀಣ ಮೀಸಲಾತಿ, ಮುದುಕರನ್ನು ನೋಡಿಕೊಳ್ಳುವವರು ಯಾರು, ವಾರದಲ್ಲಿ ಎಷ್ಟು ರಾತ್ರಿ ತಂದೆ ಮಕ್ಕಳ ಜೊತೆ ಇರುತ್ತಾನೆ ಎಂಬುದನ್ನೂ ಒಂದು ಹಾಳೆಯಲ್ಲಿ ಬರೆಯಲಿ. ಆ ಹಾಳೆ ನೋಡಿಯೂ ಹೋಗುವುದೇ ಸರಿ ಎನಿಸಿದರೆ ಹೋಗಲಿ. ಹೋಗದೆ ಉಳಿದವರಿಗೂ ಒಂದು ಹೊಣೆ ಇದೆ. ಬಾಡಿಗೆಗೆ ಹೋಗಬಹುದಾಗಿದ್ದ ದುಡ್ಡಿನ ಒಂದು ಪಾಲು, ವಾರದ ಒಂದು ಸಂಜೆ ಊರಿನ ಶಾಲೆಗೆ ಸಲ್ಲಬೇಕು, ಸರ್ಕಾರಿ ಬಸ್ಸಿಗಾಗಿ, ಪಿಯು ಕಾಲೇಜಿನ ಉಪನ್ಯಾಸಕರಿಗಾಗಿ ಶಾಸಕರ ಬಾಗಿಲಲ್ಲಿ ನಿಲ್ಲಬೇಕು. ನ್ಯಾಮತಿಗೆ ತಾಲ್ಲೂಕು ಕಚೇರಿ ಬಂದದ್ದೂ, ಜಗಳೂರಿನ ಕೆರೆಗಳಿಗೆ ನೀರಿನ ಯೋಜನೆ ಬಂದದ್ದೂ ಊರಲ್ಲಿ ಉಳಿದು ಕೇಳಿದವರಿಂದ.